ಗಿಟಾರ್ ಕಿತ್ತಿಡಬೇಡಿ

ಅಮೆರಿಕದ ಮಿನೆಸೋಟಾದ ಜ್ಯಾಕ್ ಸೋಬಿಯೆಕ್‌ಗೆ ಮೂಳೆ ಕ್ಯಾನ್ಸರ್ ಇರುವುದು ಗೊತ್ತಾದಾಗ 14 ವರ್ಷ. ಇನ್ನು ಹೆಚ್ಚು ದಿನವಿಲ್ಲ ಎಂದು ತಿಳಿದ ಮೇಲೂ ಹುಡುಗ ಹಾಡು ಕಟ್ಟುತ್ತಲೇ ಇದ್ದ. 2012ರ ಡಿಸೆಂಬರ್‌ನಲ್ಲಿ ಅವನ ‘ಕ್ಲೌಡ್ಸ್’ ಯೂಟ್ಯೂಬ್‌ಗೆ ಬಂತು. ಮರುವರ್ಷ ಮೇ ತಿಂಗಳಲ್ಲಿ, 18 ತುಂಬಿದ್ದ ಜ್ಯಾಕ್ ತೀರಿಕೊಂಡ.

ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ, ‘ಮೊದಲು ವಾಸಿಯಾಗಲಿ, ಸಂಗೀತ ಆಮೇಲೆ’ ಎನ್ನಬೇಡಿ. ಪ್ರೀತಿಯಿಂದಲೇ ಆಡುವ ಮಾತು ಅದು, ಆದರೂ ಮಗುವಿಗೆ ಇವತ್ತು ಬೇಕಾದದ್ದನ್ನು ಕಸಿಯುತ್ತದೆ.

ಚಿಕಿತ್ಸೆ ಶುರುವಾಗುವ ಮುನ್ನವೇ ವೈದ್ಯರಿಗೆ ಹೇಳಿ: ಇವನು ಹಾಡುತ್ತಾನೆ, ವಾದ್ಯ ನುಡಿಸುತ್ತಾನೆ ಅಂತ. ಮೂಳೆ ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧ ಕಿವಿಗೆ ಪೆಟ್ಟು ಕೊಡಬಹುದು. ಸಾಮಾನ್ಯವಾಗಿ ಮೊದಲು ಮಸುಕಾಗುವುದು ಅತಿ ಮೇಲಿನ ಸ್ವರಗಳೇ. ಹಾಗಾಗಿ ಮೊದಲೇ ಒಮ್ಮೆ, ನಡುನಡುವೆಯೂ ಶ್ರವಣ ಪರೀಕ್ಷೆ ಮಾಡಿಸಿ. ಕಿವಿ ಗುಂಯ್‌ಗುಟ್ಟಿದರೆ, ಬೆರಳು ಜೋಮು ಹಿಡಿದರೆ ಮುಚ್ಚಿಡದೆ ತಿಳಿಸುವಂತೆ ಮಗುವಿಗೂ ಹೇಳಿಕೊಡಿ. ಸುಸ್ತಾದ ದಿನ ಅಭ್ಯಾಸಕ್ಕೆ ಒತ್ತಾಯ ಬೇಡ, ಪಕ್ಕದಲ್ಲಿ ಕೂತು ಜೊತೆಗೆ ಕೇಳಿ. ಹೊಸ ಸಾಲು ಹೊಳೆದರೆ ಮೊಬೈಲ್‌ನಲ್ಲಿ ಆಗಲೇ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಯಾರಿಗೆ ಕೇಳಿಸಬೇಕು ಅನ್ನುವುದನ್ನು ಮಾತ್ರ ಅವನೇ ಹೇಳಲಿ.