ಬಾನಿನಿಂದ ಇಳಿದ ಬೆಳಕು

ಹೊಸ ಸಾಧನವೊಂದು ನಾಡಿಗೆ ಬಂದರೆ ಅದು ಮೊದಲು ನಗರವನ್ನು ಸೇರುತ್ತದೆ. ಆಮೇಲೆ ಪಟ್ಟಣವನ್ನು ಮುಟ್ಟುತ್ತದೆ. ಹಳ್ಳಿಯ ಬಾಗಿಲಿಗೆ ಬರುವುದು ಕಟ್ಟಕಡೆಗೆ. ಕನ್ನಡ ನಾಡಿನಲ್ಲಿ ದೂರದರ್ಶನದ ಕಥೆ ಮಾತ್ರ ಈ ಕ್ರಮವನ್ನು ಮೀರಿತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನರು ಕನ್ನಡ ಮಾತನಾಡುವ ತೆರೆಯ ಮುಂದೆ ಕುಳಿತಿದ್ದರು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನೊಳಗೊಂಡ ಗುಲ್ಬರ್ಗಾ ಜಿಲ್ಲೆಯ ಇಂದಿನ ಹೆಸರು ಕಲಬುರಗಿ.

ಆ ಸೀಮೆಯ ಶರತ್ಕಾಲವು ವಿಶ್ರಾಂತಿಯ ಕಾಲವಲ್ಲ. ಮಳೆಗಾಲ ಹಿಂದೆ ಸರಿದು, ಭೀಮಾನದಿಯ ಕೆಂಪು ನೀರು ತಿಳಿಯಾಗುತ್ತ ಬರುವ ಆಶ್ವಿನ ಮಾಸದಲ್ಲಿ ಎರೆಭೂಮಿಯಲ್ಲಿ ಇನ್ನೂ ಹಸಿ ಇರುತ್ತದೆ. ಆ ಹಸಿ ಆರುವ ಮುನ್ನ ಹಿಂಗಾರಿ ಜೋಳವನ್ನು ಬಿತ್ತಬೇಕು. ಆದ್ದರಿಂದ ರೈತನು ನಸುಕಿನಲ್ಲಿಯೇ ಎತ್ತುಗಳನ್ನು ಹೂಡಿ ಕೂರಿಗೆಯ ಹಿಂದೆ ನಡೆಯುತ್ತಾನೆ. ಹೆಂಗಸರು ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿಗಳ ಬುತ್ತಿಯನ್ನು ಹೊತ್ತು ಹೊಲಕ್ಕೆ ಬಂದು, ತೊಗರಿಯ ಸಾಲುಗಳಲ್ಲಿ ಕಳೆ ಕೀಳುತ್ತಾರೆ. ಹೊತ್ತು ಮುಳುಗಿದ ಮೇಲೆ ದಣಿದ ಮೈ ಮನೆ ಸೇರುತ್ತದೆ. ಉಂಡಾದ ಮೇಲೆ ಗುಡಿಯ ಕಟ್ಟೆಯ ಮಾತುಕತೆ, ಭಜನೆ, ಎಂದಾದರೊಮ್ಮೆ ಬಯಲಾಟ; ಹಳ್ಳಿಯ ಇರುಳು ಹಿಂದಿನಿಂದಲೂ ಹೀಗೆಯೇ ಕಳೆಯುತ್ತಿತ್ತು.

1975ರ ಆಗಸ್ಟ್ 1ರಂದು ಈ ಇರುಳಿಗೆ ಹೊಸದೊಂದು ಬೆಳಕು ಸೇರಿತು. ಅಂದು ಭಾರತದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗಾಗಿ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗವು ಆರಂಭವಾಯಿತು. ‘ಸೈಟ್’ ಎಂಬ ಚಿಕ್ಕ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಬಾಹ್ಯಾಕಾಶ ವಿಜ್ಞಾನವು ಬಡವರ ಬದುಕಿಗೆ ನೆರವಾಗಬೇಕೆಂದು ಹಂಬಲಿಸಿದ ಡಾ. ವಿಕ್ರಮ ಸಾರಾಭಾಯಿಯವರ ಕನಸು ಇದು. 1969ರಲ್ಲಿ ಭಾರತವು ಅಮೆರಿಕದ ‘ನಾಸಾ’ ಸಂಸ್ಥೆಯೊಡನೆ ಇದಕ್ಕಾಗಿ ಒಪ್ಪಂದ ಮಾಡಿಕೊಂಡಿತು. ಆದರೆ ಸಾರಾಭಾಯಿಯವರು 1971ರಲ್ಲಿಯೇ ತೀರಿಕೊಂಡುದರಿಂದ ಕನಸು ಕೈಗೂಡಿದುದನ್ನು ಕಾಣಲಿಲ್ಲ.

ಚಿತ್ರವು ಹಳ್ಳಿಗೆ ಬಂದ ಬಗೆಯನ್ನು ತಿಳಿಯೋಣ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿ ತನ್ನ ಸುತ್ತ ತಿರುಗುವಷ್ಟೇ ಕಾಲದಲ್ಲಿ ಒಂದು ಸುತ್ತು ಮುಗಿಸುತ್ತದೆ. ಆದ್ದರಿಂದ ಅದು ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುತ್ತದೆ. ಅಮೆರಿಕದ ಎ.ಟಿ.ಎಸ್.-6 ಇಂತಹ ಉಪಗ್ರಹ. ಅಹಮದಾಬಾದಿನ ಭೂಕೇಂದ್ರದಿಂದ ಮೇಲೇರಿದ ಅಲೆಗಳನ್ನು ಅದು ಹಿಡಿದು ನೆಲಕ್ಕೆ ಮರಳಿಸುತ್ತಿತ್ತು. ಹಳ್ಳಿಯಲ್ಲಿ ತಂತಿಬಲೆಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಬೋಗುಣಿಯಾಕಾರದ ಆಂಟೆನಾ ಅವನ್ನು ಸ್ವೀಕರಿಸುತ್ತಿತ್ತು. ಅಲೆಗಳು ಹೋಗಿಬರುವ ದಾರಿ ಸುಮಾರು 72,000 ಕಿಲೋಮೀಟರ್. ತಗಲುತ್ತಿದ್ದ ಕಾಲ ಒಂದು ಸೆಕೆಂಡಿನ ಕಾಲು ಭಾಗ ಮಾತ್ರ! ಎತ್ತಿನ ಗಾಡಿಯ ದಾರಿಯೂ ಮಳೆಗೆ ಕೆಸರಾಗಿ ನಿಲ್ಲುವ ಊರಿಗೆ ಈ ದಾರಿ ಮಾತ್ರ ಸದಾ ತೆರೆದಿತ್ತು.

ಬೆಳಿಗ್ಗೆ ಶಾಲಾಮಕ್ಕಳಿಗಾಗಿ ಒಂದೂವರೆ ಗಂಟೆ, ಸಂಜೆ ದೊಡ್ಡವರಿಗಾಗಿ ಎರಡೂವರೆ ಗಂಟೆ ಪ್ರಸಾರ ನಡೆಯುತ್ತಿತ್ತು. ಹಿಂದಿ, ಒರಿಯಾ, ತೆಲುಗು, ಕನ್ನಡ ಈ ನಾಲ್ಕು ಭಾಷೆಗಳು ಆ ಹೊತ್ತನ್ನು ಹಂಚಿಕೊಂಡಿದ್ದವು. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಮುಖ್ಯ ವಿಷಯಗಳು. ಜೊತೆಗೆ ಹಾಡು, ನಾಟಕಗಳೂ ಇದ್ದವು. ಕನ್ನಡದ ಕಾರ್ಯಕ್ರಮ ಮುಗಿದು ಎಲ್ಲರಿಗೂ ಸಾಮಾನ್ಯವಾದ ಹಿಂದಿಯ ಕಾರ್ಯಕ್ರಮ ಮೊದಲಾದರೆ ದಕ್ಷಿಣದ ಹಳ್ಳಿಗಳಲ್ಲಿ ಆಸಕ್ತಿ ಕುಗ್ಗುತ್ತಿತ್ತು. ಚಿತ್ರವು ಎಲ್ಲರ ಕಣ್ಣಿಗೂ ಒಂದೇ. ಅರ್ಥವು ಮನೆಮಾತಿನಲ್ಲಿ ಬಂದಾಗಲೇ ಮನಸ್ಸಿಗೆ ಇಳಿಯುತ್ತದೆ.

ಊರಿಗೆಲ್ಲ ಇದ್ದುದು ಒಂದೇ ಪೆಟ್ಟಿಗೆ. ಅದನ್ನು ಯಾವ ಸಿರಿವಂತನ ಪಡಸಾಲೆಯಲ್ಲಿಯೂ ಇಡದೆ, ಶಾಲೆ, ಪಂಚಾಯತಿ ಕಟ್ಟಡಗಳಂತಹ ಸಾರ್ವಜನಿಕ ಸ್ಥಳದಲ್ಲಿ ಇಡಬೇಕೆಂಬುದು ಯೋಜನೆಯ ಆಶಯವಾಗಿತ್ತು. ಯಾವ ಕೇರಿಯವರೇ ಆಗಲಿ, ಬಂದು ಕುಳಿತು ನೋಡುವ ಹಕ್ಕುಳ್ಳವರು. ಆದರೆ ಹಕ್ಕು ಇದ್ದ ಮಾತ್ರಕ್ಕೆ ಹಳೆಯ ಅಂತರ ಅಳಿಯುವುದಿಲ್ಲ. ಮನೆಗೆಲಸ ತೀರದ ಹೆಂಗಸಿಗೆ ಸಂಜೆಯ ಬಿಡುವು ಸುಲಭವಾಗಿ ದೊರೆಯುವುದೂ ಇಲ್ಲ.

ಈ ಪ್ರಯೋಗದ ಫಲವನ್ನು ಅರಿಯಲು ಸಮಾಜವಿಜ್ಞಾನಿಗಳು ಹಳ್ಳಿಗಳಲ್ಲಿಯೇ ತಂಗಿ ಅಧ್ಯಯನ ಮಾಡಿದರು. ಮೊದಮೊದಲು ಕಿಕ್ಕಿರಿದು ನೆರೆದ ಜನರು ಹೊಸತನ ಮಾಸಿದಂತೆ ಕಡಮೆಯಾದರು. ಆದರೆ ಹೆಂಗಸರಲ್ಲಿಯೂ ಓದುಬರಹ ಅರಿಯದವರಲ್ಲಿಯೂ ತಿಳಿವಳಿಕೆ ಹೆಚ್ಚಿದುದು ಎದ್ದು ಕಂಡಿತು. ಪುಸ್ತಕದ ಬಾಗಿಲು ಮುಚ್ಚಿದ್ದವರಿಗೆ ಮತ್ತೊಂದು ಬಾಗಿಲು ತೆರೆದಿತ್ತು. ಬೇಸಾಯದ ಪದ್ಧತಿ ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಇದರಲ್ಲಿ ಆಶ್ಚರ್ಯವೇನು? ಒಳ್ಳೆಯ ಬೀಜದ ವಿಚಾರವನ್ನು ತೆರೆ ಹೇಳಬಲ್ಲದು. ಬೀಜವನ್ನು ಕೊಳ್ಳುವ ಹಣವನ್ನು ಅದು ಕೊಡಲಾರದು.

ಎ.ಟಿ.ಎಸ್.-6 ನಮ್ಮ ಸ್ವತ್ತಾಗಿರಲಿಲ್ಲ. ಒಂದು ವರ್ಷದ ಮಟ್ಟಿಗೆ ಎರವಲು ಬಂದುದು. 1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಉಪಗ್ರಹವನ್ನು ಅಮೆರಿಕವು ಹಿಂದಕ್ಕೆ ಪಡೆಯಿತು. ಆ ವರ್ಷದ ಶರತ್ಕಾಲದಲ್ಲಿಯೂ ಜೋಳದ ಬಿತ್ತನೆ ಎಂದಿನಂತೆ ನಡೆಯಿತು. ಆದರೆ ಸಂಜೆ ಬಾನಿನಿಂದ ಕನ್ನಡ ಇಳಿಯಲಿಲ್ಲ. 1977ರಲ್ಲಿ ಗುಲ್ಬರ್ಗಾದಲ್ಲಿಯೇ ದೂರದರ್ಶನ ಪ್ರಸಾರ ಕೇಂದ್ರವು ಆರಂಭವಾಯಿತು. ಆದರೆ ನೆಲದ ಗೋಪುರದ ಅಲೆಗಳು ಸೀಮಿತ ದೂರವನ್ನು ಮಾತ್ರ ತಲುಪಬಲ್ಲವು. ಭಾರತದ್ದೇ ಆದ ಇನ್ಸಾಟ್-1ಬಿ ಉಪಗ್ರಹವು 1983ರಲ್ಲಿ ಬಾನಿಗೇರಿದ ಮೇಲೆಯೇ ದೇಶದ ದೂರದರ್ಶನಕ್ಕೆ ಸ್ಥಿರವಾದ ಸ್ವಂತ ಆಸರೆ ದೊರೆಯಿತು. ಎರವಿನ ದೀಪದಲ್ಲಿ ದಾರಿಯನ್ನು ಕಂಡುಕೊಂಡು, ಬಳಿಕ ಸ್ವಂತ ದೀಪವನ್ನು ಹೊತ್ತಿಸಿಕೊಂಡುದೇ ಈ ಪ್ರಯೋಗದ ಹಿರಿಮೆ.

ಇಂದು ಮನೆಮನೆಯಲ್ಲಿ ತೆರೆಯಿದೆ, ಅಂಗೈಯಲ್ಲಿಯೂ ತೆರೆಯಿದೆ. ಬೇಕಾದುದನ್ನು ಬೇಕಾದ ಹೊತ್ತಿಗೆ ಒಬ್ಬರೇ ನೋಡಬಹುದು. ಅಂದಿನವರಿಗೆ ಆಯ್ಕೆಯಿರಲಿಲ್ಲ; ಆದರೆ ನೋಡಿದುದನ್ನು ಕುರಿತು ಕೇಳಲು, ಒಪ್ಪಲು, ಅಲ್ಲಗಳೆಯಲು ಪಕ್ಕದಲ್ಲಿ ಇನ್ನೊಬ್ಬರಿದ್ದರು. ತೆರೆಯು ಹೇಳುವುದು ಅರ್ಧ ಪಾಠ. ಉಳಿದರ್ಧವು ನೋಡಿದವರ ಮಾತಿನಲ್ಲಿ ಹುಟ್ಟುತ್ತದೆ. ನಿಮ್ಮ ಊರಿನ ಹಿರಿಯರಲ್ಲಿ ಆ ಸಂಜೆಗಳನ್ನು ಕಂಡವರು ಇರಬಹುದು. ಅವರ ಬಳಿ ಕುಳಿತು ಕೇಳಿರಿ.