ಮನೆಯೊಳಕ್ಕೆ ಬರುವ ಸಿಂಬಳದ ಹುಳು



ಉತ್ತರೆ ಮಳೆ ಕಳೆದು ಹಸ್ತೆ ಹಿಡಿಯಿತೆಂದರೆ ನಮ್ಮ ತೆಂಗಿನ ಸೀಮೆಯ ಮನೆಗಳಲ್ಲಿ ಒಂದು ದೂರು ಕೇಳಿಬರುತ್ತದೆ. ಬೆಳಗ್ಗೆ ಎದ್ದು ಬಚ್ಚಲಿಗೆ ಹೋದವರು ಹಂಡೆಯ ಪಕ್ಕದಲ್ಲಿ ಬೆಳ್ಳಿಯ ನೂಲು ಎಳೆದಂಥ ಗೆರೆಗಳನ್ನು ಕಾಣುತ್ತಾರೆ. ಆ ಗೆರೆ ಗೋಡೆ ಹತ್ತಿ, ಅಡಿಗೆಮನೆಯ ಹೊಸ್ತಿಲು ದಾಟಿ, ಒಂದೊಂದು ಸಲ ನೀರಿನ ಕೊಡದ ಕಂಠದವರೆಗೂ ಹೋಗಿರುತ್ತದೆ. "ಸಿಂಬಳದ ಹುಳ ಬಂದಿದೆ, ಉಪ್ಪು ತನ್ನಿ" ಎಂಬ ಕೂಗು ಆಮೇಲಿನದು.

ಉಪ್ಪು ಹಾಕಿದರೆ ಹುಳು ಸಾಯುವುದು ನಿಜ. ಆದರೆ ಮರುದಿನ ಅಷ್ಟೇ ಹುಳುಗಳು ಮತ್ತೆ ಬರುವುದೇಕೆ? ಈ ಪಾಠದಲ್ಲಿ ವಿಚಾರ ಮಾಡತಕ್ಕದ್ದು ಅದನ್ನೇ.

ಸಿಂಬಳದ ಹುಳುವೂ ಬಸವನಹುಳುವೂ ಒಂದೇ ಕುಲಕ್ಕೆ ಸೇರಿದವು. ಬಸವನಹುಳುವಿಗೆ ಬೆನ್ನ ಮೇಲೆ ಮನೆಯುಂಟು, ಇದಕ್ಕಿಲ್ಲ. ಇದರ ಮೈಯಲ್ಲಿ ಹತ್ತರಲ್ಲಿ ಎಂಟು ಪಾಲು, ಅದಕ್ಕೂ ಮೇಲೆ, ಬರಿಯ ನೀರು. ಚಿಪ್ಪಿಲ್ಲದ ಕಾರಣ ಬಿಸಿಲಿಗೂ ಗಾಳಿಗೂ ಆ ನೀರು ಆರಿಹೋಗುತ್ತದೆ. ಆದುದರಿಂದ ಹಗಲೆಲ್ಲ ತೇವವಿರುವ ಕತ್ತಲೆಯಲ್ಲಿ ಅಡಗಿದ್ದು, ರಾತ್ರಿಯಾದ ಮೇಲೆ ಮೇವಿಗೆ ಹೊರಡುತ್ತದೆ. ಅದು ಬಿಡುವ ಲೋಳೆಯೇ ಅದರ ರಸ್ತೆ. ಒಂದೇ ಹುಳುವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಬೆಳೆದ ಹುಳುವೆಲ್ಲ ಮೊಟ್ಟೆ ಇಡಬಲ್ಲದು. ದಕ್ಷಿಣ ಭಾರತದ ಮನೆಗಳ ಸುತ್ತ ಕಾಣುವ ಒಂದು ಜಾತಿ ಕಪ್ಪಗೆ, ಚಪ್ಪಟೆಯಾಗಿ, ಹಳೆಯ ಮೆಟ್ಟಿನಿಂದ ಕೊಯ್ದ ಚರ್ಮದ ತುಂಡಿನಂತೆ ಇರುತ್ತದೆ. ಅದರ ಮೂಲ ಆಫ್ರಿಕಾ. ಅದರ ನೆಂಟನಾದ ದೊಡ್ಡ ಆಫ್ರಿಕಾ ಬಸವನಹುಳುವೂ ಹೊರಗಿನಿಂದಲೇ ಬಂದದ್ದು. ೧೮೪೭ರಲ್ಲಿ ಬೆನ್ಸನ್ ಎಂಬಾತ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದ ಹುಳುಗಳು ತೋಟಕ್ಕೆ ಇಳಿದು, ಅಲ್ಲಿಂದ ದೇಶವೆಲ್ಲ ಹರಡಿದವು.

ಈಗ ಮುಖ್ಯ ಮಾತಿಗೆ ಬರೋಣ. ಹುಳು ದೂರದಿಂದ ನಮ್ಮ ಮನೆಯನ್ನು ಹುಡುಕಿಕೊಂಡು ಬರುವುದಿಲ್ಲ. ಮನೆಯ ಗೋಡೆಗೆ ಒತ್ತಿ ನಾವೇ ಅದಕ್ಕೊಂದು ಮನೆ ಕಟ್ಟಿಕೊಟ್ಟಿರುತ್ತೇವೆ. ಅದು ಕಾಯಿಮಟ್ಟೆಯ ಗುಡ್ಡೆ.

ತುರುವೇಕೆರೆ ಕಡೆಯ ಒಂದು ಮನೆಯ ಸಂಗತಿ ಹೇಳುತ್ತೇನೆ. ಕಾಯಿ ಸುಲಿದ ಮಟ್ಟೆಯನ್ನು ಬಚ್ಚಲ ಒಲೆಗೆ ಸುಲಭವಾಗಲೆಂದು ಹಿತ್ತಲ ಗೋಡೆಗೇ ಆನಿಸಿ ಹಾಕುವುದು ಆ ಮನೆಯ ವಾಡಿಕೆ. ಗುಡ್ಡೆ ಕಿಟಕಿಯ ಮಟ್ಟಕ್ಕೆ ಬೆಳೆದಿತ್ತು. ಬಚ್ಚಲ ನೀರು ಅದರ ಬುಡದಲ್ಲೇ ಹರಿದು ಇಂಗುತ್ತಿತ್ತು. ಮನೆಯಾಕೆ ಪ್ರತಿ ರಾತ್ರಿ ಬಾಗಿಲಿನಲ್ಲೂ ಗೋಡೆಯ ಉದ್ದಕ್ಕೂ ಕಲ್ಲುಪ್ಪು ಚೆಲ್ಲುತ್ತಿದ್ದರು. ಎರಡು ಮಳೆಗಾಲ ಹೀಗೆ ಕಳೆಯುವಷ್ಟರಲ್ಲಿ ಹುಳು ಕಡಿಮೆಯಾಗಲಿಲ್ಲ. ಗೋಡೆಯ ಗಾರೆ ಮಾತ್ರ ಪುಡಿಪುಡಿಯಾಗಿ ಉದುರತೊಡಗಿತು. ಒಂದು ಬೆಳಗಿನ ಜಾವ ಮನೆಯ ಅಜ್ಜಿ ಬಚ್ಚಲಿನಲ್ಲಿ ಆ ಲೋಳೆಯ ಮೇಲೆ ಕಾಲಿಟ್ಟು ಜಾರಿ ಮುಂಗೈ ಮುರಿದುಕೊಂಡರು. ಆಗ ಮಗ ಗುಡ್ಡೆಗೆ ಕೈ ಹಾಕಿದ. ಮೇಲಿನ ಮಟ್ಟೆ ಒಣಗಿ ಖಣಖಣ ಎನ್ನುತ್ತಿತ್ತು. ಮೊಣಕಾಲೆತ್ತರಕ್ಕೆ ಇಳಿದ ಮೇಲೆ ನಾರಿನ ಪುಡಿ ಹಿಂಡಿದರೆ ನೀರು ಬರುವಷ್ಟು ನೆನೆದಿತ್ತು. ಅದರಲ್ಲಿ ಹುಳುಗಳು ಸಾಲಾಗಿ ಮಲಗಿದ್ದವು, ನೆನೆಸಿದ ಸಬ್ಬಕ್ಕಿಯಂಥ ಮೊಟ್ಟೆಯ ಗೊಂಚಲುಗಳೂ ಇದ್ದವು. ಗುಡ್ಡೆಯನ್ನು ಪೂರ್ತಿ ತೆಗೆದು, ಬಚ್ಚಲ ನೀರನ್ನು ಕಾಲುವೆ ಮಾಡಿ ಬಾಳೆಯ ಬುಡಕ್ಕೆ ತಿರುಗಿಸಿದರು. ಆ ವರ್ಷ ಸ್ವಾತಿ ಮಳೆಯಲ್ಲಿ ಒಳಕ್ಕೆ ಬಂದ ಹುಳುಗಳನ್ನು ಬೆರಳಲ್ಲಿ ಎಣಿಸಬಹುದಾಗಿತ್ತು.

ಉಪ್ಪು ಏಕೆ ಗೋಡೆಯನ್ನು ಕೆಡಿಸಿತೆಂದರೆ, ಅದು ಹುಳುವಿನ ಮೈಯಿಂದ ಹೇಗೆ ನೀರನ್ನು ಹೀರುತ್ತದೆಯೋ ಹಾಗೆಯೇ ಗಾಳಿಯ ತೇವವನ್ನೂ ಹೀರಿ ಗೋಡೆಯೊಳಕ್ಕೆ ಇಳಿಯುತ್ತದೆ. ಬೇಸಗೆಯಲ್ಲಿ ಅಲ್ಲೇ ಹರಳುಗಟ್ಟಿ ಗಾರೆಯನ್ನು ಒಳಗಿನಿಂದ ಎಬ್ಬಿಸುತ್ತದೆ. ಮಣ್ಣಿನ ಗೋಡೆಗೆ ಇದು ಇನ್ನೂ ಕೆಟ್ಟದ್ದು. ಉಪ್ಪನ್ನು ಉಪಯೋಗಿಸುವುದಾದರೆ ಬಕೆಟ್ಟಿನ ನೀರಿನಲ್ಲಿ ಕರಗಿಸಿ, ಹಿಡಿದ ಹುಳುವನ್ನು ಅದರೊಳಕ್ಕೆ ಹಾಕಿ. ನೆಲಕ್ಕೆ ಚೆಲ್ಲಬೇಡಿ.

ಇನ್ನೊಂದು ನಷ್ಟವನ್ನು ಯೋಚಿಸಿರಿ. ಎಷ್ಟೋ ಮನೆಗಳಲ್ಲಿ ಆ ಹಿತ್ತಲ ಗೋಡೆಯ ಒಳಮೈಗೆ ಕಾಯಿ ತುಂಬಿದ ಅಟ್ಟವಿರುತ್ತದೆ. ತಿಪಟೂರು ಮಾರುಕಟ್ಟೆಗೆ ಹೋಗುವ ಉಂಡೆ ಕೊಬ್ಬರಿ ಆಗಬೇಕಾದರೆ ಸುಲಿಯದ ಕಾಯಿ ಅಟ್ಟದ ಮೇಲೆ ಸುಮಾರು ಹತ್ತು ಹನ್ನೆರಡು ತಿಂಗಳು ನೆರಳಿನಲ್ಲಿ ಒಣಗಿ, ಒಳಗಿನ ನೀರು ಇಂಗಿ, ಗಿಟುಕು ಕರಟದಿಂದ ಬಿಡಬೇಕು. ಸರ್ಕಾರದ ಬೆಂಬಲ ಬೆಲೆಯ ಖರೀದಿಯಲ್ಲಿ ಉಂಡೆ ಕೊಬ್ಬರಿಯ ತೇವ ಶೇಕಡ ೭ಕ್ಕೆ ಮೀರಬಾರದು. ತೇವದ ಗೋಡೆಯ ಪಕ್ಕದ ಕಾಯಿ ತಡವಾಗಿ ಒಣಗುತ್ತದೆ, ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ಸಿಂಬಳದ ಹುಳು ಕೊಬ್ಬರಿಯನ್ನು ತಿಂದು ನಷ್ಟ ಮಾಡುವುದಲ್ಲ. ಆದರೆ ಅಟ್ಟದ ಕೆಳಗೆ ಅದರ ಗೆರೆ ಕಂಡರೆ, ಆ ಗೋಡೆಯಲ್ಲಿ ನೀರು ಇದೆ ಎಂದು ತಿಳಿಯಿರಿ.

ಹಾಗಾದರೆ ಮಟ್ಟೆಯನ್ನು ಏನು ಮಾಡಬೇಕು? ಒಲೆಗೆ ಬೇಕಾದಷ್ಟನ್ನು ಮಾತ್ರ ಮನೆಯಿಂದ ಹತ್ತು ಹದಿನೈದು ಮಾರು ದೂರದಲ್ಲಿ, ಕಲ್ಲಿನ ಮೇಲೆ ಹಲಗೆ ಹಾಕಿ, ಸೋಗೆಯ ಮಾಡಿನಡಿ ಒಟ್ಟಿಟ್ಟುಕೊಳ್ಳಿ. ಒಳಕ್ಕೆ ತರುವಾಗ ಒಂದೊಂದನ್ನೂ ಕೊಡವಿ ತನ್ನಿ. ಎಷ್ಟೋ ಹುಳುಗಳು ಬಾಗಿಲಿನಿಂದ ತಾವಾಗಿ ಬರುವುದಿಲ್ಲ, ಮಟ್ಟೆಯ ಪುಟ್ಟಿಯಲ್ಲಿ ಕುಳಿತು ನಮ್ಮ ತಲೆಯ ಮೇಲೆಯೇ ಬರುತ್ತವೆ! ಉಳಿದದ್ದು ತೋಟಕ್ಕೆ ಹೋಗಲಿ. ಮರದ ಬುಡದಿಂದ ಆರು ಅಡಿ ದೂರದಲ್ಲಿ ಸುತ್ತಲೂ ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ಮಟ್ಟೆಯ ಒಳಮೈ ಬಟ್ಟಲಿನಂತೆ ಮೇಲಕ್ಕೆ ಬರುವ ಹಾಗೆ ಸಾಲಾಗಿ ಜೋಡಿಸಿ, ಒಂದೊಂದು ಸಾಲಿಗೂ ಮಣ್ಣು ಮುಚ್ಚುತ್ತ ಹೋಗಬೇಕು. ಹೀಗೆ ಹೂತ ಮಟ್ಟೆ ಮಳೆಯ ನೀರನ್ನು ಹಿಡಿದಿಟ್ಟು ಐದರಿಂದ ಏಳು ವರ್ಷ ಮರಕ್ಕೆ ಉಣಿಸುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ. ಚಿಕ್ಕನಾಯಕನಹಳ್ಳಿ ಕಡೆಯ ಒಣ ತೋಟಗಳಿಗೆ ಇದು ಬಲು ಉಪಕಾರಿ. ಗೋಡೆಯ ಪಕ್ಕದಲ್ಲಿ ಶತ್ರುವಾಗಿದ್ದ ಮಟ್ಟೆ ಮರದ ಬುಡದಲ್ಲಿ ಗೊಬ್ಬರವಾಗುವುದು ಕೇವಲ ಎತ್ತಿಡುವ ಶ್ರಮದಿಂದ.

ಆಮೇಲೆ ದಾರಿಗಳನ್ನು ಮುಚ್ಚಿ. ಬಚ್ಚಲ ತೂಬಿಗೆ ಸಣ್ಣ ಕಣ್ಣಿನ ತಂತಿಬಲೆ ಹಾಕಿ. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದು ಇದ್ದರೆ ಹಳೆಯ ಟ್ಯೂಬಿನ ಪಟ್ಟಿಯನ್ನು ಮೊಳೆ ಹೊಡೆದು ನೆಲಕ್ಕೆ ತಾಗಿಸಿ. ಈ ಹುಳು ಮೈಯನ್ನು ತೆಳ್ಳಗೆ ಮಾಡಿಕೊಂಡು ನಾವು ನಂಬಲಾರದಷ್ಟು ಸಣ್ಣ ಸಂದಿನಲ್ಲಿ ನುಸುಳುತ್ತದೆ. ಬೂದಿಯ ಗೆರೆ, ಸುಣ್ಣದ ಗೆರೆ ಒಣಗಿರುವಷ್ಟು ಹೊತ್ತು ಮಾತ್ರ ಕಾವಲು. ಒಂದು ಹನಿ ಬಿದ್ದರೆ ಮುಗಿಯಿತು. ಮೊಟ್ಟೆಯ ಚಿಪ್ಪು, ತಾಮ್ರದ ಪಟ್ಟಿ ಇತ್ಯಾದಿಗಳನ್ನು ಹೊಗಳುವವರುಂಟು. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು ೨೦೧೮ರಲ್ಲಿ ಇವನ್ನು ಗಿಡಗಳ ಸುತ್ತ ಇಟ್ಟು ಪರೀಕ್ಷಿಸಿದಾಗ, ಇಟ್ಟದ್ದಕ್ಕೂ ಇಡದಿದ್ದುದಕ್ಕೂ ವ್ಯತ್ಯಾಸ ಕಾಣಲಿಲ್ಲ. ಹಣ ಖರ್ಚು ಮಾಡುವ ಮುನ್ನ ಇದು ನೆನಪಿರಲಿ.

ಉಳಿದ ಹುಳುಗಳನ್ನು ಹಿಡಿಯಲು ನೆನೆಸಿದ ಗೋಣಿಚೀಲವೇ ಸಾಕು. ಸಂಜೆ ಹಿತ್ತಲಿನಲ್ಲಿ ಎರಡು ಮೂರು ಕಡೆ ಒದ್ದೆ ಗೋಣಿ ಹಾಸಿ, ಅದರಡಿ ಪರಂಗಿ ಎಲೆಯನ್ನೋ ಎಲೆಕೋಸಿನ ಸಿಪ್ಪೆಯನ್ನೋ ಇಡಿ. ಹುಳಿಬಂದ ಹಿಟ್ಟಿನ ವಾಸನೆಗೂ ಇವು ಬರುತ್ತವೆ. ಬಿಸಿಲೇರುವ ಮೊದಲು ಗೋಣಿ ಎತ್ತಿ, ಹುಳುಗಳನ್ನು ಕಡ್ಡಿಯಿಂದ ಉಪ್ಪುನೀರಿನ ಬಕೆಟ್ಟಿಗೆ ತಳ್ಳಿ, ಸತ್ತ ಮೇಲೆ ದೂರದಲ್ಲಿ ಹೂಳಬೇಕು. ಕೊಲ್ಲಲು ಮನಸ್ಸಾಗದೆ ಬೇಲಿಯಾಚೆ ಎಸೆಯುವವರಿದ್ದಾರೆ. ಬಸವನಹುಳುಗಳಿಗೆ ಗುರುತು ಹಾಕಿ ನೋಡಿದವರ ಪ್ರಕಾರ ಇಪ್ಪತ್ತು ಮೀಟರಿನ ಒಳಗೆ ಬಿಟ್ಟವು ಮರಳಿ ಬರುತ್ತವೆ. ಎಸೆಯುವುದಾದರೆ ದೂರ ನಡೆಯಿರಿ.

ಅಂಗಡಿಯಲ್ಲಿ ಮೆಟಾಲ್ಡಿಹೈಡ್ ಎಂಬ ಗುಳಿಗೆ ದೊರೆಯುತ್ತದೆ. ಅದನ್ನು ತಿಂದ ಹುಳು ಸಾಯುತ್ತದೆ, ತಿಂದ ನಾಯಿಯೂ ಸಾಯುತ್ತದೆ. ಬ್ರಿಟನ್ನಿನಲ್ಲಿ ೨೦೨೨ರಿಂದ ಅದನ್ನು ಹೊರಗೆ ಬಳಸುವುದನ್ನೇ ನಿಲ್ಲಿಸಿದ್ದಾರೆ. ಮನೆಯ ಒಳಗೆ, ಮಕ್ಕಳು, ಕೋಳಿ, ದನಕರು ಓಡಾಡುವ ಹಿತ್ತಲಿನಲ್ಲಿ ಅದನ್ನು ಇಡಲೇಬಾರದು. ಅದರ ಬದಲು ನಮ್ಮ ತೋಟದ ಕೆಂಬೂತವನ್ನೂ ಹಿತ್ತಲ ಕಪ್ಪೆಯನ್ನೂ ಓಡಿಸದಿರಿ. ಇವು ಹುಳುವನ್ನು ಹುಡುಕಿ ತಿನ್ನುವ ಪ್ರಾಣಿಗಳು.

ಆರೋಗ್ಯದ ವಿಷಯ ಕೊನೆಗೆ ಇಟ್ಟೆ, ಚಿಕ್ಕದೆಂದಲ್ಲ. ಇಲಿಯ ಶ್ವಾಸಕೋಶದಲ್ಲಿ ಬಾಳುವ ಒಂದು ಬಗೆಯ ಸಣ್ಣ ಜಂತು ಇದೆ. ಅದರ ಮರಿಗಳು ಇಲಿಯ ಹಿಕ್ಕೆಯಿಂದ ಸಿಂಬಳದ ಹುಳು, ಬಸವನಹುಳುಗಳ ಮೈ ಸೇರುತ್ತವೆ. ಅಂಥ ಹುಳುವನ್ನೋ ಅದರ ಚೂರನ್ನೋ ಮನುಷ್ಯ ಹಸಿಯಾಗಿ ನುಂಗಿದರೆ ಮರಿಗಳು ಮಿದುಳಿಗೆ ಹೋಗುತ್ತವೆ. ೨೦೧೦ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹತ್ತೊಂಬತ್ತು ವರ್ಷದ ತರುಣನೊಬ್ಬ ಗೆಳೆಯರ ಪಂದ್ಯಕ್ಕೆ ಒಂದು ಸಿಂಬಳದ ಹುಳುವನ್ನು ನುಂಗಿ, ಅಂಗಾಂಗಗಳ ಸ್ವಾಧೀನ ಕಳೆದುಕೊಂಡು ಎಂಟು ವರ್ಷ ನರಳಿ ೨೦೧೮ರಲ್ಲಿ ತೀರಿಕೊಂಡ. ನಮ್ಮ ಪಕ್ಕದ ಕೇರಳದಲ್ಲಿಯೂ ಈ ಜಂತುವಿನ ರೋಗವನ್ನು ವೈದ್ಯರು ಕಂಡಿದ್ದಾರೆ. ಗಾಬರಿ ಬೇಡ. ಹುಳು ಪಾದಕ್ಕೆ ತಾಗಿತೆಂದು ರೋಗ ಬರುವುದಿಲ್ಲ, ಚೆನ್ನಾಗಿ ಬೇಯಿಸಿದ ಅಡಿಗೆಯಲ್ಲಿ ಜಂತು ಉಳಿಯುವುದಿಲ್ಲ. ಆದರೆ ತೆಂಗಿನ ತೋಟವೆಂದರೆ ಇಲಿಯ ತವರು. ಆದುದರಿಂದ ಕೋಸಂಬರಿಗೆ ಹಸಿಯಾಗಿ ಹಾಕುವ ಕೊತ್ತಂಬರಿ, ಸೌತೆ, ಮೂಲಂಗಿ ಸೊಪ್ಪುಗಳನ್ನು ಎಲೆ ಎಲೆ ಬಿಡಿಸಿ ತೊಳೆಯಬೇಕು. ನೀರಿನ ಕೊಡಕ್ಕೆ ಮುಚ್ಚಳ ಇರಬೇಕು. ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಬೆಳಗ್ಗೆ ಮಗುವನ್ನು ನೆಲಕ್ಕೆ ಬಿಡುವ ಮೊದಲು ಗೆರೆ ಇದ್ದಲ್ಲಿ ಬಿಸಿನೀರು ಸೋಪು ಹಾಕಿ ಒರೆಸಬೇಕು. ಹುಳು ಮುಟ್ಟಿದ ಕೈಯನ್ನು ತೊಳೆಯದೆ ಊಟಕ್ಕೆ ಕೂರಬಾರದು. ಮಗು ಹುಳುವನ್ನು ಬಾಯಿಗೆ ಹಾಕಿಕೊಂಡಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಆಮೇಲಿನ ವಾರಗಳಲ್ಲಿ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ವಾಂತಿ ಕಂಡರೆ ಹುಳುವಿನ ಸಂಗತಿಯನ್ನು ವೈದ್ಯರಿಗೆ ಮರೆಯದೆ ಹೇಳಿ. ನಾವು ಹೇಳದಿದ್ದರೆ ಅವರಿಗೆ ತಿಳಿಯುವುದು ಕಷ್ಟ.

ಈ ಕೆಲಸಕ್ಕೆ ಸಮಯ ಉತ್ತರೆ ಮಳೆಗೆ ಮುಂಚೆ, ಮಟ್ಟೆ ಒಣಗಿ ಹಗುರವಾಗಿರುವಾಗ. ಗುಡ್ಡೆ ತೆಗೆದ ಮೇಲೆ ಒಂದು ರಾತ್ರಿ ಎಂಟು ಗಂಟೆಯ ನಂತರ ಬ್ಯಾಟರಿ ಹಿಡಿದು ಗೋಡೆಯ ಸುತ್ತ ಒಂದು ಸುತ್ತು ಬನ್ನಿ; ಹುಳು ಎಲ್ಲಿಂದ ಹೊರಡುತ್ತದೆಂಬುದು ಕಣ್ಣಿಗೇ ಕಾಣುತ್ತದೆ. ತೋಟದ ಬಾಳೆ, ಅಡಿಕೆ ಸಸಿ, ವೀಳ್ಯದೆಲೆಯ ಬಳ್ಳಿಗಳಲ್ಲಿ ದೊಡ್ಡ ಚಿಪ್ಪಿನ ಹುಳು ಗುಂಪಾಗಿ ಕಂಡರೆ ಅದು ಒಂದು ಮನೆಯ ಕೆಲಸವಲ್ಲ, ಊರಿನವರೆಲ್ಲ ಒಂದೇ ವಾರದಲ್ಲಿ ಗೋಣಿ ಹಾಸಿ ಹಿಡಿಯಬೇಕಾಗುತ್ತದೆ. ಅಂಥ ಒಂದೆರಡು ಹುಳುಗಳನ್ನು ಮುಚ್ಚಳವಿರುವ ಸೀಸೆಯಲ್ಲಿ ಹಾಕಿಕೊಂಡು ತಿಪಟೂರು ಕೋನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿರಿ.