ಚಾಳೀಸಿನ ವಿಚಾರ: ಉಪಾಧ್ಯಾಯರಿಗೆ ಬೈಫೋಕಲ್ಲೋ, ಪ್ರೋಗ್ರೆಸಿವ್ವೋ?

ಕನ್ನಡಕವನ್ನು ಉತ್ತರ ಕರ್ನಾಟಕದ ಹಿರಿಯರು ‘ಚಾಳೀಸು’ ಎಂದು ಕರೆಯುವ ರೂಢಿಯುಂಟು. ಮರಾಠಿಯಲ್ಲಿ ನಾಲ್ವತ್ತನ್ನು ಹೇಳುವ ಸಂಖ್ಯಾವಾಚಕವೇ ಇಲ್ಲಿ ವಸ್ತುವಿನ ಹೆಸರಾಗಿ ನಿಂತಿದೆ. ಆ ವಯಸ್ಸಿನ ದೃಷ್ಟಿಮಾಂದ್ಯಕ್ಕೆ ತೆಲುಗರು ‘ಚತ್ವಾರ’ವೆನ್ನುವರು, ಅದೂ ಸಂಸ್ಕೃತದ ‘ಚತ್ವಾರಿಂಶತ್’ ಶಬ್ದದ ಕುಡಿಯೇ. ತಮಿಳರು ಮಾತ್ರ ವಯಸ್ಸನ್ನೆಣಿಸದೆ ಲಕ್ಷಣವನ್ನೇ ಹಿಡಿದು ‘ವೆಳ್ಳೆಳುತ್ತು’ ಎಂದರು. ಬೆಳ್ಳಗೆ ಮಸುಕಾಗಿ ತೋರುವ ಅಕ್ಷರವೆಂದು ಅದರ ಅರ್ಥ. ನಾಲ್ವತ್ತು ದಾಟಿದ ಗುರುಗಳು ಹಾಜರಿ ಪುಸ್ತಕವನ್ನು ದಿನದಿನಕ್ಕೆ ದೂರ ಸರಿಸಿ ಹಿಡಿಯುತ್ತ, ಕಡೆಗೆ ತೋಳಿನ ಉದ್ದವೇ ಸಾಲದಾಯಿತೆಂದು ನಗುವುದು ಪ್ರತಿಯೊಂದು ಶಾಲೆಯಲ್ಲಿಯೂ ಕಾಣುವ ನೋಟ.

ಇದು ರೋಗವಲ್ಲ, ವಯೋಧರ್ಮ. ಕಣ್ಣಿನೊಳಗಣ ಮಸೂರವು ಎಳವೆಯಲ್ಲಿ ಮೃದುವಾಗಿದ್ದು, ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಿ, ದೂರದ್ದನ್ನು ನೋಡುವಾಗ ಚಪ್ಪಟೆಯಾಗುತ್ತದೆ. ವರ್ಷಗಳು ಕಳೆದಂತೆ ಅದು ಬಿರುಸಾಗಿ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆ ಕೊರತೆಯನ್ನು ಹೊರಗಿನ ಗಾಜು ತುಂಬಿಕೊಡಬೇಕು. ಮಸೂರದ ಶಕ್ತಿಯನ್ನಳೆಯುವ ಮಾನಕ್ಕೆ ಡಯಾಪ್ಟರ್ ಎಂದು ಹೆಸರು. ಮೀಟರಿನಲ್ಲಿ ಹೇಳಿದ ದೂರದಿಂದ ಒಂದನ್ನು ಭಾಗಿಸಿದರೆ ಅದು ದೊರೆಯುತ್ತದೆ. ಪುಸ್ತಕವನ್ನು 40 ಸೆಂಟಿಮೀಟರು ದೂರದಲ್ಲಿ ಹಿಡಿದರೆ ಬೇಕಾದ ಶಕ್ತಿ 2.5 ಡಯಾಪ್ಟರ್. ನಾಲ್ವತ್ತೈದರ ಸುಮಾರಿಗೆ ಇದರಲ್ಲಿ ಒಂದು, ಒಂದೂವರೆಯಷ್ಟನ್ನು ಕನ್ನಡಕ ಹೊತ್ತರೆ ಸಾಕು; ಅರುವತ್ತರ ಹೊತ್ತಿಗೆ ಹೆಚ್ಚು ಕಡಿಮೆ ಪೂರ್ತಿ ಭಾರ ಅದರ ಮೇಲೆಯೇ ಬೀಳುತ್ತದೆ. ವೈದ್ಯರ ಚೀಟಿಯಲ್ಲಿ ‘ಆಡ್’ ಎಂದು ಬರೆಯುವುದು ಈ ಹೆಚ್ಚುವರಿಯನ್ನೇ.

ನಮ್ಮ ನಾಡಿಗೆ ಕನ್ನಡಕ ಬಂದುದು ಇತ್ತೀಚೆಗಲ್ಲ. ಹದಿನಾರನೆಯ ಶತಮಾನದ ವ್ಯಾಸತೀರ್ಥರು ಅದರ ನೆರವಿನಿಂದ ಓದುತ್ತಿದ್ದರೆಂಬ ಉಲ್ಲೇಖವನ್ನು ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ವಿದ್ವಾಂಸರು ಗುರುತಿಸಿದ್ದಾರೆ. ಅದು ಒಂದೇ ಪವರಿನ ಗಾಜು. ಎರಡು ಪವರುಗಳನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಿದ ಕೀರ್ತಿ ಸಾಮಾನ್ಯವಾಗಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನಿಗೆ ಸಲ್ಲುತ್ತದೆ. ಪ್ಯಾರಿಸಿನ ಬಳಿ ರಾಯಭಾರಿಯಾಗಿದ್ದಾಗ ಆತನು ದೂರದ ಗಾಜನ್ನೂ ಓದುವ ಗಾಜನ್ನೂ ಅರ್ಧಕ್ಕೆ ಕತ್ತರಿಸಿ ಮೇಲೊಂದು ಕೆಳಗೊಂದು ಜೋಡಿಸಿಕೊಂಡನು. 1785ರ ಪತ್ರವೊಂದರಲ್ಲಿ ಅದನ್ನು ವಿವರಿಸಿದ್ದಾನೆ. ಊಟದ ಮೇಜಿನಲ್ಲಿ ತಟ್ಟೆಯ ಅನ್ನವೂ ಕಾಣಬೇಕು, ಎದುರು ಕುಳಿತವರ ತುಟಿಯ ಚಲನೆಯೂ ಕಾಣಬೇಕು. ತುಟಿ ಕಂಡರೆ ಫ್ರೆಂಚ್ ಮಾತು ಚೆನ್ನಾಗಿ ತಿಳಿಯುತ್ತದೆ ಎಂಬುದು ಆತನ ಅನುಭವ. ಭಾಷೆ ಕಲಿಸುವವರಿಗೆ ಇದು ರುಚಿಸುವ ಸಂಗತಿ. ಗೆರೆಯಿಲ್ಲದೆ ಪವರು ಮೇಲಿನಿಂದ ಕೆಳಕ್ಕೆ ಮೆಲ್ಲಮೆಲ್ಲನೆ ಏರುವ ಪ್ರೋಗ್ರೆಸಿವ್ ಗಾಜು ಫ್ರಾನ್ಸಿನ ಬರ್ನಾರ್ ಮೆತೆನಾಜ್ ಎಂಬ ತಂತ್ರಜ್ಞನ ಶ್ರಮದಿಂದ 1959ರಲ್ಲಿ ‘ವ್ಯಾರಿಲಕ್ಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಮೊದಲನೆಯದಕ್ಕೆ ದ್ವಿನಾಭಿಯೆಂದೂ ಎರಡನೆಯದಕ್ಕೆ ಕ್ರಮವರ್ಧಿಯೆಂದೂ ಹೆಸರಿಡಬಹುದು. ಆದರೆ ಆ ಮಾತುಗಳನ್ನು ಕನ್ನಡಕದಂಗಡಿಯಲ್ಲಿ ಆಡಿದರೆ ಅಂಗಡಿಯವನು ಮುಖ ನೋಡಿಯಾನು. ಬಳಕೆಯ ಮಾತೇ ಇರಲಿ.

ಬೈಫೋಕಲ್ಲಿನಲ್ಲಿ ಗೋಲವಾದ ಓದುಬಿಲ್ಲೆಯದನ್ನು ಕ್ರಿಪ್ಟಾಕ್ ಎಂದೂ, ಮೇಲಂಚು ನೇರವಾಗಿರುವುದನ್ನು ‘ಡಿ’ ಎಂದೂ ಅಂಗಡಿಯವರು ಕರೆಯುತ್ತಾರೆ. ಓದುಬಿಲ್ಲೆ ಅಗಲವಾಗಿಯೂ ಸ್ವಚ್ಛವಾಗಿಯೂ ಇರುವುದು ಇದರ ಗುಣ. ಉತ್ತರಪತ್ರಿಕೆಗಳ ರಾಶಿಯನ್ನು ಎಡಕ್ಕೂ ಅಂಕಪಟ್ಟಿಯನ್ನು ಬಲಕ್ಕೂ ಇಟ್ಟುಕೊಂಡು ತಿದ್ದುವವರು ಕತ್ತನ್ನು ಹೆಚ್ಚು ತಿರುಗಿಸದೆ ಕಣ್ಣನ್ನಷ್ಟೇ ಹೊರಳಿಸಿದರೂ ನಡೆಯುತ್ತದೆ. ತಾಳೆಗರಿಯ ಸಾಲು ಗೇಣನ್ನು ಮೀರಿ ಹರಿಯುವುದರಿಂದ ಹಸ್ತಪ್ರತಿ ಓದುವವರಿಗೂ ಇದೇ ಮೇಲು. ದೋಷವಿರುವುದು ನಡುವಣ ದೂರದಲ್ಲಿ. ಆಡ್ 2.00 ಇರುವ ಬಿಲ್ಲೆಯ ಮೂಲಕ ಅರ್ಧ ಮೀಟರಿನಾಚೆ ಸ್ಪಷ್ಟವಾಗಿ ಕಾಣದು. ಐವತ್ತೈದರ ಕಣ್ಣು ಮೇಲಿನ ಭಾಗದ ಮೂಲಕ ಸುಮಾರು ಒಂದು ಮೀಟರಿಗಿಂತ ಈಚೆಗೆ ಹಿಡಿಯದು. ಕಂಪ್ಯೂಟರಿನ ಪರದೆ ನಿಲ್ಲುವುದು ಸರಿಯಾಗಿ ಈ ಕಂದಕದಲ್ಲಿಯೇ. ಇನ್ನು ನೋಟವು ಗೆರೆಯನ್ನು ದಾಟುವಾಗ ವಸ್ತು ತಟ್ಟನೆ ನೆಗೆದಂತೆ ತೋರುವುದೂ ಉಂಟು.

ಪ್ರೋಗ್ರೆಸಿವ್ ಗಾಜು ಈ ಕಂದಕವನ್ನು ತುಂಬುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ. ಮೇಲಿನಿಂದ ಕೆಳಗೆ ಪವರು ಏರುವ ಓಣಿ ಸ್ವಚ್ಛವಾಗಿರಬೇಕಾದರೆ ಅದರ ಇಕ್ಕೆಲಗಳು ಕಲಕಲೇಬೇಕು. ಪವರು ಏರುವ ವೇಗದ ಎರಡರಷ್ಟು ವೇಗದಲ್ಲಿ ಪಕ್ಕದ ವಿಕಾರ ಬೆಳೆಯುತ್ತದೆಂಬುದು ಜ್ಯಾಮಿತಿಯ ನಿಯಮ. ಎಷ್ಟೇ ಬೆಲೆಯ ಗಾಜಾದರೂ ಈ ನಿಯಮವನ್ನು ಮೀರದು. ದುಬಾರಿಯ ವಿನ್ಯಾಸವು ವಿಕಾರವನ್ನು ಜಾಣತನದಿಂದ ಹಂಚುತ್ತದೆ, ಅಷ್ಟೇ. ಆದುದರಿಂದ ಇದನ್ನು ಧರಿಸಿದವರು ಪಕ್ಕದ್ದನ್ನು ಕಣ್ಣು ಹೊರಳಿಸಿ ನೋಡದೆ ಮೂಗನ್ನೇ ಅತ್ತ ತಿರುಗಿಸಿ ನೋಡಲು ಕಲಿಯಬೇಕಾಗುತ್ತದೆ. ಮೊದಲ ದಿನಗಳಲ್ಲಿ ನೆಲ ತೂಗಿದಂತಾಗುವುದುಂಟು. ಒಂದೆರಡು ವಾರಗಳಲ್ಲಿ ಬಹುಮಂದಿಗೆ ಒಗ್ಗುತ್ತದೆ. ಆಡ್ ಕಡಿಮೆಯಿರುವಾಗ ವಿಕಾರವೂ ಕಡಿಮೆ. ನಾಲ್ವತ್ತೈದರಲ್ಲಿ ಮೊದಲ ಬಾರಿ ಚಾಳೀಸು ಕೊಳ್ಳುವ ಉಪಾಧ್ಯಾಯರು ಪ್ರೋಗ್ರೆಸಿವ್ವಿನಿಂದಲೇ ಆರಂಭಿಸುವುದು ಒಳ್ಳೆಯದೆಂಬುದಕ್ಕೆ ಇದು ಕಾರಣ. ಇಪ್ಪತ್ತು ವರ್ಷ ಬೈಫೋಕಲ್ಲಿನಲ್ಲಿ ಸುಖವಾಗಿ ಓದಿಕೊಂಡು ಬಂದ ಹಿರಿಯರು ಗೆರೆ ಕಾಣುವುದೆಂಬ ನಾಚಿಕೆಗಾಗಿ ಅದನ್ನು ಬಿಡುವುದು ವಿವೇಕವೆನಿಸದು.

ತರಗತಿಯಲ್ಲಿ ಇನ್ನೊಂದು ತೊಡಕಿದೆ. ಕಪ್ಪುಹಲಗೆಯ ಮೇಲೆ ಬರೆಯುವಾಗ ಅಕ್ಷರವು ತೋಳಳತೆಯಲ್ಲಿದ್ದರೂ ಕಣ್ಣಿನ ಮಟ್ಟದಲ್ಲಿಯೋ ಅದಕ್ಕೂ ಮೇಲೆಯೋ ಇರುತ್ತದೆ. ಗಾಜಿನ ಆ ಭಾಗವಾದರೋ ದೂರಕ್ಕೆ ಮೀಸಲು. ಪ್ರೋಗ್ರೆಸಿವ್ ಧರಿಸಿದವರು ಗದ್ದವನ್ನು ತುಸು ಎತ್ತಿದರೆ ನಡುವಣ ಪವರು ಸಿಗುತ್ತದೆ. ಬೈಫೋಕಲ್ಲಿನವರು ಬಹಳ ಎತ್ತಬೇಕಾಗುತ್ತದೆ. ಇಷ್ಟಲಿಂಗ ಪೂಜೆಯಲ್ಲಿಯೂ ಇದೇ ಮಾತು. ಕರಸ್ಥಲವನ್ನು ಎದೆಯ ಮಟ್ಟದಲ್ಲಿ ಹಿಡಿದಾಗ ಓದುಬಿಲ್ಲೆ ನೆರವಾಗುತ್ತದೆ. ಕಣ್ಣಿನ ನೇರಕ್ಕೆ ಎತ್ತಿ ದೃಷ್ಟಿ ನೆಡುವವರಿಗೆ ಎರಡು ಬಗೆಯ ಗಾಜೂ ಒದಗದು. ಪೂಜೆಗೂ ಬಹುಹೊತ್ತಿನ ಪಾರಾಯಣಕ್ಕೂ ಓದುವ ಪವರೊಂದನ್ನೇ ತುಂಬಿದ ಅಗ್ಗದ ಕನ್ನಡಕವನ್ನು ಪೂಜಾಮಂದಿರದಲ್ಲಿ ಬೇರೆಯಾಗಿ ಇಟ್ಟುಕೊಳ್ಳುವುದು ಲೇಸು.

ಮೆಟ್ಟಿಲುಗಳ ವಿಷಯವನ್ನು ಅಲಕ್ಷಿಸುವಂತಿಲ್ಲ. ಇಳಿಯುವಾಗ ಕಣ್ಣು ಕೆಳಗೆ ಬಿದ್ದರೆ ಒಂದೂವರೆ ಮೀಟರಿನ ಮೆಟ್ಟಿಲನ್ನು ಓದುವ ಪವರಿನ ಮೂಲಕ ನೋಡಿದಂತಾಗಿ ಅಂಚು ಮಸುಕಾಗುತ್ತದೆ. ಆಸ್ಟ್ರೇಲಿಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊರಗೆ ಚೆನ್ನಾಗಿ ಓಡಾಡುವ ವೃದ್ಧರಿಗೆ ಸಂಚಾರಕ್ಕೆಂದು ದೂರದ ಪವರೊಂದೇ ಇರುವ ಕನ್ನಡಕ ಕೊಟ್ಟಾಗ ಬೀಳುವುದು ಕಡಿಮೆಯಾಯಿತೆಂದು ತೋರಿಸಿತು. ವಿಚಿತ್ರವೆಂದರೆ, ಹೊಸಿಲು ದಾಟುವುದೇ ಅಪರೂಪವಾದವರಲ್ಲಿ ಅದೇ ಬದಲಾವಣೆಯಿಂದ ಹೊರಗೆ ಬೀಳುವುದು ಹೆಚ್ಚಾಯಿತು. ಬೆಟ್ಟದ ಮೇಲಿನ ಮಠಗಳಿಗೆ ನಡೆದೇ ಏರುವ ಹಿರಿಯ ಭಕ್ತರು ಮೊದಲನೆಯ ಗುಂಪಿಗೆ ಸೇರಿದವರು.

ಇನ್ನು ಮೊಬೈಲಿನಲ್ಲಿಯೇ ಕನ್ನಡಕ ತರಿಸಿಕೊಳ್ಳುವ ಇಂದಿನ ರೂಢಿ. ಅದನ್ನು ಸಾರಾಸಗಟಾಗಿ ಹಳಿಯಬೇಕಾದುದಿಲ್ಲ. ಒಂದೇ ಪವರಿನ, ಅದರಲ್ಲಿಯೂ ಕಡಿಮೆ ಪವರಿನ ಕನ್ನಡಕಕ್ಕೆ ಅದು ಸಾಕಷ್ಟು ಒಪ್ಪುತ್ತದೆ; ಬೆಲೆಗಳನ್ನು ಹೋಲಿಸಿ ನೋಡುವ ಅನುಕೂಲವೂ ಇದೆ. ಹಳೆಯ ಫ್ರೇಮಿನ ಕಡ್ಡಿಯ ಒಳಮೈಯಲ್ಲಿ 52, 18, 140 ಎಂಬಂತೆ ಮೂರು ಸಂಖ್ಯೆಗಳಿರುತ್ತವೆ: ಗಾಜಿನ ಅಗಲ, ಮೂಗಿನ ಸೇತುವೆ, ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಮುಖಕ್ಕೆ ಒಗ್ಗಿದ ಫ್ರೇಮಿನ ಅಳತೆಯನ್ನೇ ಆರಿಸಿದರೆ ಅರ್ಧ ಚಿಂತೆ ತೀರಿತು. ಆದರೆ ಚೀಟಿಯಲ್ಲಿ ಅನೇಕ ವೇಳೆ ಬರೆಯದೆ ಬಿಡುವ ಅಳತೆಯೊಂದಿದೆ: ಎರಡು ಪಾಪೆಗಳ ನಡುವಣ ಅಂತರ. ವಯಸ್ಕರಲ್ಲಿ ಅದು ಸರಾಸರಿ 63 ಮಿಲಿಮೀಟರಿನ ಆಸುಪಾಸು. ವ್ಯಕ್ತಿವ್ಯಕ್ತಿಗೆ ವ್ಯತ್ಯಾಸ ಸಾಕಷ್ಟು. ನಾಲ್ಕು ಡಯಾಪ್ಟರಿನ ಗಾಜಿನ ಕೇಂದ್ರವು 2 ಮಿಲಿಮೀಟರು ತಪ್ಪಿದರೆ 0.8 ಪ್ರಿಸಂ ಡಯಾಪ್ಟರಿನಷ್ಟು ನೋಟ ಬಾಗುತ್ತದೆ. ಎರಡೂ ಕಣ್ಣುಗಳಲ್ಲಿ ತಪ್ಪಿದರೆ ತಲೆನೋವಿಗೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಪರೀಕ್ಷೆ ಮಾಡಿದ ಕಡೆಯಲ್ಲಿಯೇ ಈ ಅಂತರವನ್ನು ಕೇಳಿ ಬರೆಯಿಸಿಕೊಳ್ಳತಕ್ಕದ್ದು. ಅಂಕಿಗಳನ್ನು ತುಂಬುವಾಗ ಕೂಡು ಚಿಹ್ನೆಗೂ ಕಳೆ ಚಿಹ್ನೆಗೂ ಅದಲುಬದಲಾಗದಂತೆ ಇನ್ನೊಬ್ಬರಿಂದ ಓದಿಸಿ ತಾಳೆ ನೋಡುವುದು ವಿಹಿತ.

ಬೈಫೋಕಲ್, ಪ್ರೋಗ್ರೆಸಿವ್‌ಗಳಿಗೆ ಇಷ್ಟೂ ಸಾಲದು. ಬಿಲ್ಲೆಯ ಮೇಲಂಚು ಕೆಳರೆಪ್ಪೆಯ ಮಟ್ಟಕ್ಕೆ ಬರಬೇಕು. ಪ್ರೋಗ್ರೆಸಿವ್ವಿನ ಗುರುತು ಪಾಪೆಯ ನಡುವಿಗೇ ಬರಬೇಕು. ಈ ಎತ್ತರವನ್ನು ಆರಿಸಿದ ಫ್ರೇಮನ್ನು ಮುಖಕ್ಕೆ ಹಾಕಿ, ಮೂಗಿನ ಮೇಲೆ ಸರಿಯಾಗಿ ಕೂರಿಸಿ, ಎದುರು ನಿಂತವರು ಗಾಜಿನ ಮೇಲೆ ಮಸಿಯ ಚುಕ್ಕೆಯಿಟ್ಟು ಅಳೆಯಬೇಕು. ಒಬ್ಬರ ಮೂಗು ಎತ್ತರ, ಇನ್ನೊಬ್ಬರದು ತಗ್ಗು. ಸರಾಸರಿಯ ಅಂಕಿಯಿಂದ ಕೂರಿಸಿದ ಗಾಜು ಎರಡು ಮೂರು ಮಿಲಿಮೀಟರು ತಪ್ಪಿದರೆ ಓಣಿಯೇ ತಪ್ಪಿದಂತೆ. ಮನೆಗೇ ಬಂದು ಅಥವಾ ತಮ್ಮ ಮಳಿಗೆಯಲ್ಲಿ ಅಳತೆ ತೆಗೆದುಕೊಳ್ಳುವ ಏರ್ಪಾಡಿದ್ದಲ್ಲಿ ಮಾತ್ರ ಇವನ್ನು ಜಾಲದ ಅಂಗಡಿಯಿಂದ ಕೊಳ್ಳಬಹುದು. ಬಂದ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದರೆ 34 ಮಿಲಿಮೀಟರು ಅಂತರದಲ್ಲಿ ಎರಡು ಸೂಕ್ಷ್ಮವಾದ ಕೆತ್ತನೆಗಳು ಕಾಣುತ್ತವೆ. ಕಿವಿಯ ಕಡೆಯ ಗುರುತಿನ ಕೆಳಗೆ ಸಾಮಾನ್ಯವಾಗಿ ಆಡ್ ಕೆತ್ತಿರುತ್ತದೆ. ಚೀಟಿಯ ಅಂಕಿಗೆ ಅದು ಹೊಂದದಿದ್ದರೆ ಹಿಂದಿರುಗಿಸಬೇಕು. ದೋಷವಿರುವ ವಸ್ತುವನ್ನು ಹಿಂಪಡೆಯಲು ಮಾರುವವನು ನಿರಾಕರಿಸುವಂತಿಲ್ಲವೆಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ.

ಮೊಬೈಲಿನಿಂದ ಆಗದ ಕೆಲಸವೊಂದಿದೆ. ನಾಲ್ವತ್ತರ ಕಣ್ಣಿಗೆ ಚಾಳೀಸಿನ ಜೊತೆಗೇ ಗ್ಲಾಕೋಮಾ ಹೊಂಚುಹಾಕಿರಬಹುದು. ಅದು ನೋವಿಲ್ಲದೆ, ಅಂಚಿನಿಂದ ನೋಟವನ್ನು ಕಬಳಿಸುತ್ತ ಬರುವ ವ್ಯಾಧಿ, ಹೋದ ನೋಟ ಮರಳದು. ಸಕ್ಕರೆ ಕಾಯಿಲೆಯಿರುವವರ ಅಕ್ಷಿಪಟಲಕ್ಕೂ ಅಪಾಯವುಂಟು. ಕನ್ನಡಕದ ನೆವದಿಂದಲಾದರೂ ನೇತ್ರವೈದ್ಯರ ಮುಂದೆ ಕೂರುವ ಅವಕಾಶವನ್ನು ಬಿಡಬಾರದು.

ಶಾಲೆಗೆ ನೆರವಾಗುವ ದಾನಿಗಳು ನೇತ್ರ ಶಿಬಿರಕ್ಕೆ ಕೈಹಾಕುವುದಾದರೆ ದುಬಾರಿ ಗಾಜಿನ ಚಿಂತೆ ಬೇಡ. ಅಸ್ಸಾಮಿನ ಚಹ ತೋಟಗಳಲ್ಲಿ ನಾಲ್ವತ್ತು ಮೀರಿದ ಕೂಲಿಗಳಿಗೆ ಹತ್ತಿರದ ನೋಟದ ಸಾದಾ ಕನ್ನಡಕ ಕೊಟ್ಟು ನಡೆಸಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಕೀಳುವ ಎಲೆಯ ತೂಕ, ಕನ್ನಡಕವಿಲ್ಲದವರಿಗೆ ಹೋಲಿಸಿದರೆ, ಶೇಕಡಾ 21.7ರಷ್ಟು ಹೆಚ್ಚಿತು. ಎರಡೂ ಕಣ್ಣುಗಳ ದೂರದ ನೋಟ ಸರಿಯಿದ್ದವರಿಗೆ ಸಿದ್ಧ ಕನ್ನಡಕವೇ ಸಾಕು. ಅಕ್ಕಿ ಆರಿಸುವ ದಾಸೋಹದ ತಾಯಂದಿರೂ, ಮಕ್ಕಳ ಸಮವಸ್ತ್ರ ಹೊಲಿಯುವ ಸಿಂಪಿಗರೂ ಆ ಸಾಲಿನಲ್ಲಿ ಮೊದಲು ನಿಲ್ಲಬೇಕಾದವರು.